ಐವತ್ತು ಅಡಿ, ಒಂದೂವರೆ ಇಂಚು

ನಮ್ಮ ಚಿಕ್ಕಮ್ಮ ದರ್ಜಿ. ಅವಳ ಕೊರಳಲ್ಲಿ ಸರ ಇರಲಿ ಬಿಡಲಿ, ಅಳತೆ ಟೇಪು ಮಾತ್ರ ಸದಾ ಇರುತ್ತದೆ. ಎದುರು ಬಂದವರ ಸೊಂಟವನ್ನು ಕಣ್ಣಲ್ಲೇ ಅಳೆದುಬಿಡುತ್ತಾಳೆ. ಬಾಯಿಬಿಟ್ಟು ಹೇಳುವುದಿಲ್ಲ, ಅದೊಂದು ಪುಣ್ಯ.

ಮೂವತ್ತೆರಡು ವರ್ಷ ಅವಳು ಪೇಟೆಯ ಒಂದು ವಠಾರದಲ್ಲಿದ್ದಳು. ಕೆಳಗೆ ಅಂಗಡಿ, ಮೇಲೆ ಒಂದು ಕೋಣೆ, ಆರು ಸಂಸಾರಕ್ಕೆ ಒಂದೇ ಪಾಯಿಖಾನೆ. ಬೆಳಗಾದರೆ ಅದರ ಮುಂದೆ ಬಕೆಟ್ಟುಗಳ ಸಾಲು. ಒಳಗೆ ಹೋಗಿ ಮೂರು ನಿಮಿಷವಾಗುವುದರೊಳಗೆ ಯಾರಾದರೊಬ್ಬರು ಬಾಗಿಲು ಬಡಿಯುತ್ತಿದ್ದರು.

ಐವತ್ತೆಂಟನೆಯ ವಯಸ್ಸಿನಲ್ಲಿ ಅವಳು ಹಳ್ಳಿಯಲ್ಲೊಂದು ಮನೆ ಕೊಳ್ಳುತ್ತೇನೆಂದು ಹೊರಟಾಗ, ಗಾಳಿ ಬೆಳಕಿನ ಆಸೆ ಇರಬೇಕು ಎಂದು ನಾವೆಲ್ಲ ಊಹಿಸಿದ್ದು ದಂಡ. "ಯಾರೂ ಬಾಗಿಲು ಬಡಿಯದ ಪಾಯಿಖಾನೆ ಬೇಕು, ಅಷ್ಟೇ" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಬಸ್ಸಿನಲ್ಲಿ ಒಂದು ಗಂಟೆ ಹೋದರೆ ಸಿಗುವ ಹಳ್ಳಿಯ ಕೊನೆಯ ಮನೆ ಅದು. ಮಾರುತ್ತಿದ್ದವರು ಒಬ್ಬ ನಿವೃತ್ತ ಪೋಸ್ಟ್‌ಮನ್. ಎರಡು ಕೋಣೆ, ಮುಂದೆ ಬಾವಿ, ಹಿತ್ತಿಲಲ್ಲಿ ಪಾಯಿಖಾನೆ. ಚಿಕ್ಕಮ್ಮ ಗೋಡೆ ತಟ್ಟಿ ನೋಡಲಿಲ್ಲ, ಮಾಡು ಸೋರುತ್ತದೆಯೇ ಎಂದು ಕೇಳಲಿಲ್ಲ. ನೆಟ್ಟಗೆ ಹಿತ್ತಿಲಿಗೆ ಹೋಗಿ ಪಾಯಿಖಾನೆಯ ಒಳಹೊಕ್ಕು ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಹೊರಗೆ ಬಂದು ಇದೇ ಮನೆ ಅಂದಳು.

ಗ್ರಹಚಾರ ನೋಡಿ, ತಂಟೆ ಹುಟ್ಟಿದ್ದೂ ಅಲ್ಲೇ. ಪೋಸ್ಟ್‌ಮನ್ ಜಗತ್ತಿನ ಕಾಗದವನ್ನೆಲ್ಲ ಮನೆಮನೆಗೆ ಮುಟ್ಟಿಸಿದ್ದರು. ತಮ್ಮ ಸೆಪ್ಟಿಕ್ ಟ್ಯಾಂಕಿಗೆ ಮಾತ್ರ ಒಂದು ಚೂರು ಕಾಗದ ಮಾಡಿಸಿರಲಿಲ್ಲ. ಬಾವಿಗೂ ಟ್ಯಾಂಕಿಗೂ ಐವತ್ತು ಅಡಿ ಅಂತರವಿದ್ದರೆ ಈಗಲೂ ಒಪ್ಪಿಗೆ ಕೊಡುತ್ತೇವೆ, ಇಲ್ಲವಾದರೆ ಟ್ಯಾಂಕ್ ಮುಚ್ಚಬೇಕು ಎಂದರು ಪಂಚಾಯಿತಿ ಕಚೇರಿಯವರು. ಇನ್ನೊಂದು ಟ್ಯಾಂಕ್ ತೋಡಲು ಅಲ್ಲಿ ಜಾಗವಿರಲಿಲ್ಲ. ಒಪ್ಪಿಗೆಯಿಲ್ಲದೆ ಮನೆ ಅವಳ ಹೆಸರಿಗಾಗುವಂತೆಯೂ ಇರಲಿಲ್ಲ. ಸಾಲದ್ದಕ್ಕೆ, ಮನೆ ಕೆಡವಿ ಗೋದಾಮು ಕಟ್ಟಲು ಮತ್ತೊಬ್ಬ ಗಿರಾಕಿ ತುದಿಗಾಲಲ್ಲಿ ನಿಂತಿದ್ದ. ಶುಕ್ರವಾರದವರೆಗೆ ಮಾತ್ರ ಕಾಯುತ್ತೇನೆ ಎಂದು ಪೋಸ್ಟ್‌ಮನ್ ಕೈಮುಗಿದರು.

ಗುರುವಾರ ಅಳತೆಗೆಂದು ಕಚೇರಿಯ ಇನ್‌ಸ್ಪೆಕ್ಟರು ಬಂದರು. ಚರ್ಮದ ಡಬ್ಬಿಯಿಂದ ಉದ್ದನೆಯ ಬಟ್ಟೆ ಟೇಪನ್ನು ಎಳೆದರು, ಒಂದು ತುದಿಯನ್ನು ಬಾವಿಕಟ್ಟೆಗೆ ಹಿಡಿಯಲು ನನಗೆ ಹೇಳಿ, ಇನ್ನೊಂದನ್ನು ತಾವೇ ಟ್ಯಾಂಕಿನವರೆಗೆ ಒಯ್ದು ಬಿಗಿಯಾಗಿ ಜಗ್ಗಿದರು. ನಲವತ್ತೆಂಟೂವರೆ ಅಡಿ. ಒಂದೂವರೆ ಅಡಿ ಕಡಿಮೆ ಎಂದು ಬರೆದುಕೊಳ್ಳಲು ಪೆನ್ನು ತೆಗೆದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳ ಆಸೆಗೆ ನಕ್ಕಿದ್ದು ನಾನೇ, ಈಗ ಅಳು ಬಂದದ್ದೂ ನನಗೇ. ಪೋಸ್ಟ್‌ಮನ್ ಗಾಬರಿಯಲ್ಲಿ, ಬಾವಿಯನ್ನೇ ಒಂಚೂರು ಆಚೆ ಸರಿಸಬಹುದೇ ಎಂದು ಕೇಳಿದರು. ನೀವು ಆ ಕಡೆ ಹಿಡೀರಿ, ನಾನು ಈ ಕಡೆ ನೂಕ್ತೀನಿ ಎಂದು ನಾನು ಸಿಡುಕಿದೆ. ಚಿಕ್ಕಮ್ಮ ಮಾತ್ರ ಬಾವಿಯನ್ನೂ ನೋಡಲಿಲ್ಲ, ಟ್ಯಾಂಕನ್ನೂ ನೋಡಲಿಲ್ಲ. ಅವಳ ಕಣ್ಣೆಲ್ಲ ಟೇಪಿನ ಮೇಲೆ.

"ಸಾರ್, ಈ ಟೇಪು ಎಷ್ಟು ಹಳೇದು?"

ತಾವು ಕೆಲಸಕ್ಕೆ ಸೇರುವುದಕ್ಕೂ ಮುಂಚಿನದು, ಈ ಸುತ್ತಿನ ಹಳ್ಳಿಯನ್ನೆಲ್ಲ ಇದರಲ್ಲೇ ಅಳೆದದ್ದು ಎಂದು ಇನ್‌ಸ್ಪೆಕ್ಟರು ಹೆಮ್ಮೆಯಿಂದ ಹೇಳಿಕೊಂಡರು.

ಚಿಕ್ಕಮ್ಮ ತನ್ನ ಕೊರಳಿನ ಟೇಪನ್ನು ತೆಗೆದು ಬಾವಿಕಟ್ಟೆಯ ಮೇಲೆ ಹಾಸಿದಳು. ಪಕ್ಕದಲ್ಲೇ ಅವರದನ್ನೂ ಹಾಸಿದಳು. ಅವರ ಐದು ಅಡಿ, ಅವಳ ಐದು ಅಡಿಗಿಂತ ಎರಡು ಇಂಚು ಮುಂದೆ ಹೋಗಿ ನಿಂತಿತ್ತು.

"ಬಟ್ಟೆ ಟೇಪು ಎಳೆದಷ್ಟೂ ಹಿಗ್ಗುತ್ತೆ ಸಾರ್. ನಾನು ವರ್ಷಕ್ಕೊಂದು ಬದಲಾಯಿಸ್ತೀನಿ. ಇಲ್ದಿದ್ರೆ ಊಟ ಬಿಡದೇನೇ ಗಿರಾಕಿಗಳ ಸೊಂಟ ಸಣ್ಣ ಆಗಿಬಿಡುತ್ತೆ."

ಹಿಗ್ಗಿದ್ದು ನನ್ನದೇ ಎಂದು ಹೇಗೆ ನಂಬುವುದು, ನಿಮ್ಮದೇ ಕುಗ್ಗಿರಬಾರದೇಕೆ ಎಂದರು ಇನ್‌ಸ್ಪೆಕ್ಟರು. ನ್ಯಾಯವೇ. ನಾನು ಓಡಿಹೋಗಿ ಮೂರನೇ ಮನೆಯ ಬಡಗಿಯನ್ನು ಉಕ್ಕಿನ ಟೇಪಿನ ಸಮೇತ ಎಳೆದುತಂದೆ. ಬಡಗಿಯ ಹಿಂದೆ ಅರ್ಧ ಬೀದಿಯೇ ಬಂತು. ಟೇಪು ಚಿಕ್ಕದು, ಮೂರು ಸಲ ಹಿಡಿಯಬೇಕಾಯಿತು. ಪ್ರತಿ ಸಲವೂ ಬಡಗಿ ನೆಲದ ಮೇಲೆ ಗೀಟು ಹಾಕಿದ, ಜನ ಗಟ್ಟಿಯಾಗಿ ಎಣಿಸಿದರು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಕೊನೆಯ ಗೀಟಿಗೆ ಇನ್‌ಸ್ಪೆಕ್ಟರು ತಾವೇ ಬಗ್ಗಿ ಓದಿದರು: ಐವತ್ತು ಅಡಿ, ಒಂದೂವರೆ ಇಂಚು.

ನಾನು ಕುಣಿದೆ, ಸುಳ್ಳೇಕೆ ಹೇಳಲಿ. ಪೋಸ್ಟ್‌ಮನ್ ಬಡಗಿಯನ್ನು ತಬ್ಬಿಕೊಂಡರು. ಬಡಗಿಗೆ ಏಕೆಂದು ತಿಳಿಯದಿದ್ದರೂ ಅವನೂ ತಬ್ಬಿಕೊಂಡ. ಅಷ್ಟರಲ್ಲಿ ಗುಂಪಿನಿಂದ ಒಬ್ಬ ಅಜ್ಜಿ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಹಾಗಾದ್ರೆ ರಸ್ತೆಯಿಂದ ಅರ್ಧ ಅಡಿ ಕಡಿಮೆ ಅಂತ ನೀವು ಕೀಳಿಸಿದ ನನ್ನ ಕೋಳಿಗೂಡು?"

ಇನ್‌ಸ್ಪೆಕ್ಟರ ಮುಖ ಇಂಗು ತಿಂದ ಮಂಗನಂತಾಯಿತು. ಜನರ ಬಾಯಲ್ಲಿ ಕೊಟ್ಟಿಗೆ, ಕಾಂಪೌಂಡು, ಜಗಲಿ ಎಲ್ಲ ಒಂದೊಂದಾಗಿ ಎದ್ದು ಬರತೊಡಗಿದವು. ಇನ್‌ಸ್ಪೆಕ್ಟರು ಬಾವಿಕಟ್ಟೆಯ ಮೇಲೇ ಕೂತು ಒಪ್ಪಿಗೆ ಬರೆದು, ಸಹಿ ಗೀಚಿ, ಬೈಕ್ ಹತ್ತಿದರು. ಟೇಪನ್ನು ಅಲ್ಲೇ ಮರೆತು ಹೋದರು. ಚಿಕ್ಕಮ್ಮ ಈಗ ಅದರ ಮೇಲೆ ಬಟ್ಟೆ ಒಣಗಿಸುತ್ತಾಳೆ.

ಹೊಸ ಮನೆಯಲ್ಲಿ ಅವಳ ಮೊದಲ ಬೆಳಿಗ್ಗೆ ನಾನೂ ಅಲ್ಲಿದ್ದೆ. ಬಕೆಟ್ ಹಿಡಿದು ಒಳಗೆ ಹೋದವಳು ಮೂರೇ ನಿಮಿಷಕ್ಕೆ ಧಡಬಡಿಸಿ ಹೊರಬಂದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಸಾಲಿರಲಿಲ್ಲ. ಹಿತ್ತಿಲಲ್ಲಿ ಯಾರೂ ಇರಲಿಲ್ಲ. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಮತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗಿನಿಂದ ಹಾಡು ಕೇಳಿಸಿತು. ಅವಳು ಹಾಡುತ್ತಾಳೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕಾದೆ. ಎರಡನೇ ಹಾಡು ಮುಗಿದ ಮೇಲೆ ತಡೆಯಲಾರದೆ ಬಾಗಿಲು ಬಡಿದೆ. ಹಾಡು ನಿಂತಿತು.

"ಒಂದು ಗಂಟೆ ಬಿಟ್ಟು ಬಾ" ಅಂದಳು ಚಿಕ್ಕಮ್ಮ.

ನನಗೆ ನಿಜವಾಗಿಯೂ ಅವಸರವಿತ್ತು. ಆದರೂ ನಗುತ್ತಾ ಬಾವಿಕಟ್ಟೆಯ ಮೇಲೆ ಹೋಗಿ ಕೂತೆ.