ಬಾಲ್ಕನಿಯಿಂದ ಅವ್ವ ಕಂಡದ್ದು

ಮೊನ್ನೆ ರದ್ದಿ ಅಂಗಡಿಯ ಮುಂದೆ ಯಾರೋ ಹಳೆಯ ವಿಸಿಆರ್ ಒಂದನ್ನು ಹಚ್ಚಿ ನೋಡುತ್ತಿದ್ದರು. ಬಿಸಿಯಾದ ಧೂಳಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪುಣೆಯ ಕೋಥರೂಡದ ನಮ್ಮ ಎರಡು ಖೋಲಿಯ ಮನೆ ಕಣ್ಣಮುಂದೆ ಬಂತು. ತೊಂಬತ್ತರ ದಶಕದ ಶನಿವಾರಗಳು. ಅಪ್ಪನ ತಮ್ಮ ರಘುಕಾಕಾ ಬಾಡಿಗೆಗೆ ವಿಸಿಆರ್ ತರುತ್ತಿದ್ದ, ಜೊತೆಗೆ ತಪ್ಪದೆ ಒಂದು ಕೋರ್ಟಿನ ಪಿಕ್ಚರ್. ನಾವು ಹುರಿದ ಶೇಂಗಾ ತಿನ್ನುತ್ತ ಚಾಪೆಯ ಮೇಲೆ ಒತ್ತಿಕೊಂಡು ಕೂತರೆ, ಕಾಕಾ ತಾನೇ ಎದ್ದು ನಿಂತು ವಕೀಲನಿಗಿಂತ ಜೋರಾಗಿ ವಾದ ಮಾಡುತ್ತಿದ್ದ. ಒಂದು ಪಿಕ್ಚರಿನಲ್ಲಿ ಖೂನಿಗೆ ಸಾಕ್ಷಿ ಸಿಗದೆ, ವಕೀಲ ಒಬ್ಬ ಹೆಂಗಸಿಗೆ ಸುಳ್ಳು ಸಾಕ್ಷಿ ಕಲಿಸಿ, ಖೂನಿ ಮಾಡಿದವನಿಗೆ ಶಿಕ್ಷೆ ಕೊಡಿಸಿ ಗೆದ್ದ. ನಾವೆಲ್ಲ ಚಪ್ಪಾಳೆ ಹೊಡೆದೆವು. ಅಡಿಗೆಮನೆಯ ಹೊಸ್ತಿಲ ಹತ್ತಿರ ಮೆಂತ್ಯಪಲ್ಲೆ ಸೋಸುತ್ತಿದ್ದ ಅವ್ವ ಮಾತ್ರ, "ಆಕಿ ನೋಡೇ ಇರಲಿಲ್ಲಲ್ಲ?" ಅಂದಳು.

"ಅಂವಾ ಖೂನಿ ಮಾಡಿದ್ದು ಖರೇ ಅದ ಅಲ್ರಿ ವೈನಿ, ಮತ್ತೇನು ಬೇಕ್ರಿ?" ಎಂದು ಕಾಕಾ ಅತ್ತಿಗೆಯ ಕಡೆ ನೋಡಿ ನಕ್ಕ.

ಮುಂದಿನ ವರ್ಷ ಒಂದು ಸಂಜೆ, ಕಾರ್ಖಾನೆಯಿಂದ ಸೈಕಲ್ ಮೇಲೆ ಬರುತ್ತಿದ್ದ ಕಾಕಾನಿಗೆ ನಮ್ಮ ಓಣಿಯ ತಿರುವಿನಲ್ಲೇ ಟೆಂಪೋ ಬಡಿದು ಹೋಯಿತು. ಬಾಲ್ಕನಿಯಲ್ಲಿ ಒಣಗಿದ ಅರಿವೆ ತೆಗೆಯುತ್ತಿದ್ದ ಅವ್ವ ಅದನ್ನು ಕಣ್ಣಾರೆ ಕಂಡಳು. ಆಪರೇಶನ್ ಆದರೂ ಕಾಕಾನ ಬಲಗಾಲು ನೆಟ್ಟಗಾಗಲಿಲ್ಲ. ನಿಂತು ಮಾಡುವ ಕೆಲಸ ಹೋಯಿತು. ಪೊಲೀಸರು ಒಬ್ಬ ಡ್ರೈವರನನ್ನು ಹಿಡಿದರು. ಅವನ ಟೆಂಪೋದ ಮುಂಭಾಗ ಜಜ್ಜಿತ್ತು, ಆ ಸಂಜೆ ಅವನು ನಮ್ಮ ಕಡೆ ಬಂದದ್ದೂ ನಿಜವಾಗಿತ್ತು. ಮುಖ ನೋಡಿದವರು ಮಾತ್ರ ಯಾರೂ ಇರಲಿಲ್ಲ.

"ಅವನೇ ಅಂದುಬಿಡು. ನಮ್ಮ ರಘೂನ ಸಲುವಾಗಿ," ಎಂದು ಅಪ್ಪ ಅವ್ವನಿಗೆ ಕೈಮುಗಿದು ಹೇಳಿದ.

ಕೋರ್ಟಿಗೆ ನಾನೂ ಹೋಗಿದ್ದೆ. ಅವ್ವ ತನ್ನ ಹರಕುಮುರುಕು ಮರಾಠಿಯಲ್ಲಿ, ಟೆಂಪೋ ಕಂಡೆ, ನಮ್ಮ ರಘು ಬಿದ್ದದ್ದು ಕಂಡೆ, ಡ್ರೈವರನ ಮುಖ ಕಾಣಲಿಲ್ಲ ಎಂದಳು. ಯಾರೂ ಮೇಜು ಕುಟ್ಟಲಿಲ್ಲ, ಯಾರೂ ಕೂಗಲಿಲ್ಲ. ಮೇಲೆ ಫ್ಯಾನು ಕಿರುಗುಡುತ್ತಿತ್ತು, ಅಷ್ಟೆ. ಮುಂದೆ ಆ ಡ್ರೈವರ್ ಬಿಡುಗಡೆಯಾದ.

ಕಾಕಾ ಅವ್ವನ ಜೊತೆ ಮಾತು ಬಿಟ್ಟ. ಅವಳು ದಿನಾ ಅವನ ಕಾಲಿಗೆ ಎಣ್ಣೆ ತಿಕ್ಕುವಾಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಅವ್ವ ತಿಕ್ಕುವುದನ್ನು ಬಿಡಲಿಲ್ಲ. ಚಳಿಗಾಲದ ಒಂದು ಮುಂಜಾನೆ ಅವನೇ ಕೇಳಿದ:

"ಬಡದಂವಾ ಆ ಡ್ರೈವರನೇ ಇದ್ರ, ವೈನಿ?"

"ಇರಬಹುದಪಾ. ನನಗೂ ಹಂಗ ಅನಸ್ತದ."

"ಮತ್ತ?"

"ಅನಸಿದ್ದನ್ನ ಕಂಡೀನಿ ಅಂತ ಹೆಂಗ ಹೇಳ್ಲಿ? ಅವನಲ್ಲದಿದ್ರ, ಅವನ ಮನ್ಯಾಗೂ ಒಬ್ಬ ವೈನಿ ಇರ್ತಾಳಲ್ಲೋ." ಅವಳು ಅಂಗೈಗೆ ಇನ್ನಷ್ಟು ಎಣ್ಣೆ ಹಾಕಿಕೊಂಡಳು. "ನಿನ್ನ ಕಾಲು ನೋಡಿದ್ರ ನನಗ ಭಾಳ ಸಂಕಟ ಆಗ್ತದ, ರಘು."

ಕಾಕಾ ಗೋಡೆಯ ಕಡೆಯಿಂದ ಇತ್ತ ಹೊರಳಿ ಎದ್ದು ಕೂತ. ಆಮೇಲೆ, "ಹಿಡೀರಿ," ಎಂದು ಕೈ ಚಾಚಿದ. ಅವಳ ಹೆಗಲ ಮೇಲೆ ಭಾರ ಹಾಕಿ, ಹಲ್ಲು ಕಚ್ಚಿ, ಬಾಗಿಲತನಕ ನಡೆದ.

ಬಡಿದವನು ಯಾರೆಂದು ನಮಗೆ ಕೊನೆಗೂ ತಿಳಿಯಲಿಲ್ಲ. ನಮಗೆ ನ್ಯಾಯ ಸಿಕ್ಕಿತೆಂದು ಮನೆಯಲ್ಲಿ ಯಾರೂ ಎಂದೂ ಅನ್ನಲಿಲ್ಲ. ಕಾಕಾನಿಗೆ ಗಡಿಯಾರ ದುರಸ್ತಿಯ ಅಂಗಡಿಯಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು, ಮದುವೆಯಾಯಿತು, ಮೊದಲ ಮಗಳಿಗೆ ಅವನು ಅವ್ವನ ಹೆಸರೇ ಇಟ್ಟ. ಈಗ ಅವ್ವ, ಕಾಕಾ ಇಬ್ಬರೂ ಇಲ್ಲ, ಆ ಮನೆಯೂ ಇಲ್ಲ. ಆದರೂ ಸಂಜೆ ಭಾಜಿ ಮಂಡಿಯಿಂದ ಜನ ಕಾಯಿಪಲ್ಲೆಯ ಚೀಲ ಹಿಡಿದು ಮರಳುವಾಗ ಆ ದಾರಿಯನ್ನೇ ನೋಡುತ್ತ ನಿಲ್ಲುತ್ತೇನೆ. ಆಗ ಕಣ್ಣಮುಂದೆ, ಹಿಂದಿನಂತೆಯೇ, ಕಾಕಾ ಕುಂಟುತ್ತ ಏನೋ ವಾದ ಮಾಡುತ್ತ ಬರುತ್ತಿದ್ದಾನೆ. ಪಕ್ಕದಲ್ಲಿ, ಅವನಿಗೆ ಗೊತ್ತಾಗದ ಹಾಗೆ, ಅವ್ವ ತನ್ನ ನಡಿಗೆಯನ್ನು ನಿಧಾನ ಮಾಡಿಕೊಂಡಿದ್ದಾಳೆ.