ಗೌಡರ ಸೊಂಟ

ನಮ್ಮ ಓಣಿಯಲ್ಲಿ ಯಾರೂ ರುದ್ರಗೌಡ ಕಾಕಾನ ಮುಖ ನೋಡಿ ಮಾತನಾಡುತ್ತಿರಲಿಲ್ಲ. ಸೊಂಟ ನೋಡಿ ಮಾತನಾಡುತ್ತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ನಡುವಿಗೆ ಅಗಲವಾದ ತೊಗಲಿನ ಪಟ್ಟಾ, ಪಟ್ಟಾಕ್ಕೆ ಸಿಕ್ಕಿಸಿದ ತೊಗಲಿನ ಚೀಲ, ಚೀಲದಲ್ಲಿ ಪಿಸ್ತೂಲು. ಅದು ಕಾಣಲಿ ಎಂದು ಅಂಗಿಯನ್ನು ಬಲಗಡೆ ಮಾತ್ರ ಎತ್ತಿ ಪಟ್ಟಾದೊಳಗೆ ತುರುಕುತ್ತಿದ್ದರು. ಎಡಗಡೆ ಅಂಗಿ ತನ್ನ ಪಾಡಿಗೆ ಜೋತಾಡುತ್ತಿತ್ತು. ಅರ್ಧ ಮೈಗೆ ಮಾತ್ರ ಇನ್‌ಶರ್ಟ್ ಮಾಡಿದ ಇನ್ನೊಬ್ಬ ಮನುಷ್ಯನನ್ನು ನಾನು ಈವರೆಗೆ ನೋಡಿಲ್ಲ.

ಇಳಕಲ್ಲಿನ ಹೊರಗೆ ಅವರದೊಂದು ಕೆಂಪು ಕಲ್ಲಿನ ಕ್ವಾರಿ ಇತ್ತು. ಆಳುಗಳ ಪಗಾರವನ್ನು ಚೀಲದಲ್ಲಿ ತುಂಬಿಕೊಂಡು ಒಯ್ಯಬೇಕಾದ ಕಾಲದಲ್ಲಿ ಪಿಸ್ತೂಲಿಗೆ ಪರವಾನಗಿ ಸಿಕ್ಕಿತ್ತು. ಆಮೇಲೆ ಕ್ವಾರಿ ಮುಚ್ಚಿತು, ಗುಂಡಿಯಲ್ಲಿ ನೀರು ನಿಂತಿತು, ಊರ ಹುಡುಗರು ಅಲ್ಲಿ ಈಜಾಡತೊಡಗಿದರು. ಪಗಾರವೆಲ್ಲ ಫೋನಿನಲ್ಲೇ ಹೋಗುವ ಕಾಲವೂ ಬಂತು. ಪಿಸ್ತೂಲಿಗಿದ್ದ ಕಾರಣಗಳೆಲ್ಲ ಒಂದೊಂದಾಗಿ ತೀರಿಕೊಂಡವು. ಪಿಸ್ತೂಲು ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

ಅದು ಸಿಡಿದದ್ದು ಒಂದೇ ಸಲ. ಮಾಳಿಗೆಯ ಮೇಲೆ ಕೂತ ಮಂಗನಿಗೆ ಗುರಿಯಿಟ್ಟು ಕಾಕಾ ತಮ್ಮದೇ ಮನೆಯ ನೀರಿನ ಟಾಕಿಗೆ ಹೊಡೆದಿದ್ದರು. ಟಾಕಿಯ ಮೇಲಿನ ತೇಪೆ ಈಗಲೂ ಇದೆ. "ಮಂಗ್ಯಾ ಅಲ್ಲೇ ಕುಂತು ನೀರು ಕುಡದು ಹೋತವಾ" ಎಂದು ಅವರ ಹೆಂಡತಿ, ನಾವೆಲ್ಲ ಗೌಡಸಾನಿ ಎನ್ನುವವರು, ನಮ್ಮ ಅವ್ವನ ಮುಂದೆ ಸೆರಗು ಬಾಯಿಗಿಟ್ಟುಕೊಂಡು ಹೇಳುತ್ತಿದ್ದರು. ಖಂಡೇನವಮಿಯ ದಿನ ನಾವು ಮಗ್ಗಕ್ಕೆ ಪೂಜೆ ಮಾಡಿದರೆ ಕಾಕಾ ಪಿಸ್ತೂಲಿಗೆ ಮಾಡುತ್ತಿದ್ದರು. ವಿಭೂತಿ ಪಟ್ಟೆ ಎಳೆದು, ನಳಿಕೆಯ ಬಾಯಿಗೇ ಕುಂಕುಮ, ಅಕ್ಷತೆ ಮೆತ್ತುವರು. "ಹಿಂಗ ವರ್ಷಾ ತುಂಬಿಕೋತ ಹೋದ್ರ ಗುಂಡಿನ ಬದ್ಲಿ ಅಕ್ಕಿಕಾಳು ಬೀಳ್ತಾವ ನೋಡ್ರಿ" ಎಂದು ಗೌಡಸಾನಿ ಗಂಡನಿಗೇ ಹೇಳಿದ್ದನ್ನು ನಾನು ಕೇಳಿದ್ದೇನೆ. ಸ್ವಂತ ಮನೆಯಲ್ಲಿ ಆ ಪಿಸ್ತೂಲಿಗೆ ಇದ್ದ ಮರ್ಯಾದೆ ಇಷ್ಟು.

ಓಣಿಯಲ್ಲಿ ಮಾತ್ರ ಅದರ ಮಾತು ನಡೆಯುತ್ತಿತ್ತು. ನಮ್ಮದು ನೇಕಾರರ ಮನೆ. ಸೀರೆಯ ಹಾಸನ್ನು, ಎಂದರೆ ಉದ್ದನೆಯ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಮೊದಲು ಬಯಲಲ್ಲಿ ಚಾಚಿ ಹಿಡಿದು, ಗಂಜಿ ಕುಡಿಸಿ, ಕುಂಚದಿಂದ ತೀಡಿ, ಬಿಸಿಲೇರುವುದರೊಳಗೆ ಒಣಗಿಸಬೇಕು. ಅದಕ್ಕೆ ನೆಟ್ಟಗಿನ ಉದ್ದ ಜಾಗ ಬೇಕು. ಕಾಕಾನ ಮನೆಯ ಗೋಡೆಗುಂಟ ಹೋಗುವ ಸಂದಿ ಅದಕ್ಕೇ ಹುಟ್ಟಿದಂತಿತ್ತು. ಮುತ್ತ್ಯಾನ ಕಾಲದಿಂದ ನಮ್ಮ ಹಾಸು ಹಿಡಿಯುತ್ತಿದ್ದದ್ದು ಅಲ್ಲಿಯೇ. ಕ್ವಾರಿ ಮುಚ್ಚಿದ ಮೇಲೆ ಮಾಡಲು ಕೆಲಸವಿಲ್ಲದ ಕಾಕಾನಿಗೆ ಆ ಸಂದಿ ತಮ್ಮದೆಂದು ಒಮ್ಮೆಲೇ ನೆನಪಾಯಿತು. ದಿನವೂ ಬೆಳಗ್ಗೆ ಅದರ ಬಾಯಿಗೆ ಕುರ್ಚಿ ಹಾಕಿಕೊಂಡು, ಬಲಗಡೆಯ ಅಂಗಿ ತುರುಕಿಕೊಂಡು ಕೂರತೊಡಗಿದರು.

ಅಪ್ಪ ಒಂದು ದಿನ ಹಾಸು ಹೊತ್ತುಕೊಂಡು ಹೋದವನು ಹಾಗೇ ಹೊರಳಿ ಬಂದ.

"ಏನಂದ್ರು?" ಎಂದು ಅವ್ವ ಕೇಳಿದಳು.

"ಏನೂ ಅನ್ಲಿಲ್ಲ. ಆರಾಮ ಅದಿಯೇನಪಾ ಅಂದ್ರು."

"ಮತ್ತ ಹೊಳ್ಳಿ ಯಾಕ ಬಂದಿ?"

"ಅಲ್ಲೇನು ಮಾತಾಡೂದೈತಿ? ಕುಂತಾರ ಅಷ್ಟ."

ಅಂದಿನಿಂದ ನಮ್ಮ ಹಾಸು ಊರ ಹೊರಗಿನ ರಸ್ತೆಯ ಬದಿಗೆ ಹೋಯಿತು. ಅಲ್ಲಿ ಟ್ರ್ಯಾಕ್ಟರ್ ಎಬ್ಬಿಸುವ ಧೂಳು ಹಸಿ ಗಂಜಿಗೆ ಅಂಟುತ್ತಿತ್ತು, ನಾಯಿಗಳು ಎಳೆಗಳ ನಡುವೆ ನುಗ್ಗುತ್ತಿದ್ದವು. ಒಂದು ಸೀರೆಯ ಹಾಸಿನಲ್ಲಿ ಹರಿದ ಎಳೆಗಳನ್ನು ಗಂಟು ಹಾಕುವುದರಲ್ಲೇ ಅವ್ವನ ದಿನ ಕಳೆಯುತ್ತಿತ್ತು. ಅರ್ಜಿ ಕೊಡೋಣ ಎಂದರೆ ಅಪ್ಪ, "ದಿನಾ ಮುಂಜಾನೆ ಎದ್ದು ಒಬ್ಬರ ಮುಖಾ ಒಬ್ಬರು ನೋಡಬೇಕವಾ" ಎನ್ನುತ್ತಿದ್ದ. ಓಣಿಯಲ್ಲಿ ಯಾರೂ ಮುಖ ನೋಡುತ್ತಲೇ ಇರಲಿಲ್ಲ ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ.

ನಾನು ಆಗ ಬಾಗಲಕೋಟೆಯಲ್ಲಿ ಕಾನೂನು ಓದುತ್ತಿದ್ದೆ. ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಅವ್ವ ನೂಲಿನ ಲಡಿ ಇಡುವ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ದೀಪಾವಳಿ ರಜೆಗೆ ಬಂದವಳು ಶಸ್ತ್ರಾಸ್ತ್ರ ನಿಯಮಗಳನ್ನು ಓದಿಕೊಂಡೇ ಬಂದಿದ್ದೆ. ಕುರ್ಚಿಯ ಎದುರಿಗೆ ಹೋಗಿ ನಿಂತೆ.

"ಕಾಕಾ, ಲೈಸನ್ಸ್ ಕೊಟ್ಟದ್ದು ಇಟ್ಕೊಳ್ಳಾಕ. ತೋರಸ್ಕೋತ ತಿರಗಾಕ ಅಲ್ಲ."

"ಬಂದೇನವಾ ವಕೀಲವ್ವಾ? ಪಿಸ್ತೂಲಿಗೆ ಮಾರಿ ತುಂಬ ಸೆರಗು ಹೊಚ್ಚಿ ಕುಂದರಸ್ತಾರೇನು?"

"ನಿಯಮ ಐತ್ರಿ. ಸಾರ್ವಜನಿಕ ಜಾಗದಾಗ ಪಿಸ್ತೂಲು ಚೀಲದಾಗ ಇರಬೇಕು, ಚೀಲಾ ಮೈಗೆ ಕಟ್ಟಿರಬೇಕು, ಮ್ಯಾಲೆ ಪೂರ್ತಿ ಮುಚ್ಚಿರಬೇಕು."

"ಚೀಲದಾಗ ಐತಿ. ಮೈಗೂ ಕಟ್ಟೇನಿ. ಪಾಸಾದೆ ಬಿಡು."

"ಮುಚ್ಚೂದು?"

ಕಾಕಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಎದುರಾಳಿಗೆ ಇಂಥ ಪಾಯಿಂಟು ಸಿಕ್ಕಾಗ ಆಗುವ ಸುಖ ನನಗೆ ಗೊತ್ತಿತ್ತು.

"ಮುಚ್ಚೂದು ಸಾರ್ವಜನಿಕ ಜಾಗದಾಗ. ಇದು ನನ್ನ ಜಾಗ. ನನ್ನ ಜಾಗದಾಗ ನಾ ಬರೇ ಮೈಲೆ ಕುಂತರೂ ಕೇಳಾಂವ ಯಾಂವ?"

"ಮತ್ತ ಬಜಾರದಾಗ?"

"ಬಜಾರಕ್ಕ ನಾ ಜೀಪಿನ್ಯಾಗ ಹೊಕ್ಕೇನಿ. ಜೀಪು ಯಾರದು?"

ಒಪ್ಪಿಕೊಳ್ಳಬೇಕು, ಸುತ್ತು ಅವರದಾಯಿತು. ಇನ್ನೂ ತಮಾಷೆಯೆಂದರೆ, ತಾವು ಆಡಿದ ವಾದಕ್ಕೆ ಅವರು ಅಂದಿನಿಂದ ನಿಷ್ಠರಾಗಿಬಿಟ್ಟರು. ಬಜಾರದಲ್ಲಿ ಜೀಪಿನಿಂದ ಕೆಳಗೆ ಕಾಲಿಡಲಿಲ್ಲ. ಚಹಾ ಜೀಪಿಗೆ ಬರುತ್ತಿತ್ತು, ಎಲೆಅಡಿಕೆ ಜೀಪಿಗೆ ಬರುತ್ತಿತ್ತು, ಒಮ್ಮೆ ಚಪ್ಪಲಿ ಅಂಗಡಿಯವನು ಜೀಪಿನ ಬಾಗಿಲಿಗೆ ಕೂತು ಅವರ ಕಾಲಿನ ಅಳತೆ ನೋಡಿದ್ದನ್ನು ಇಡೀ ಊರು ಕಂಡಿತು. ಪರವಾನಗಿ ಹೋದರೆ ತಾವು ಬರೀ ಧೋತರ ಉಟ್ಟ ಮುದುಕ ಎಂದು ಕಾಕಾನಿಗೆ ಚೆನ್ನಾಗಿ ಗೊತ್ತಿತ್ತು.

ಮುಂದೆ ಚುನಾವಣೆ ಬಂತು. ಘೋಷಣೆಯಾದದ್ದೇ ತಡ, ಪರವಾನಗಿ ಇದ್ದವರೆಲ್ಲ ತಮ್ಮ ಬಂದೂಕು, ಪಿಸ್ತೂಲುಗಳನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶ ಹೊರಟಿತು. ಊರಿಗೆ ಬಂದಿದ್ದ ನಾನು ಪೇಪರಿನಲ್ಲಿ ಅದನ್ನು ಓದುತ್ತಿದ್ದಾಗ ಅಪ್ಪ ಹೊರಗಿನಿಂದ ಬಂದು ದನಿ ತಗ್ಗಿಸಿ ಹೇಳಿದ:

"ಇವತ್ತ ಆ ಕಡೆ ಹೋಗಬ್ಯಾಡ್ರಿ. ಗೌಡ್ರು ಸೊಂಟಕ್ಕ ಟಾವೆಲ್ ಹಾಕ್ಯಾರ."

ಇದು ನಮ್ಮ ಓಣಿಯ ಹಳೆಯ ನಂಬಿಕೆ. ಪಿಸ್ತೂಲು ತೆರೆದಿದ್ದರೆ ಗೌಡರ ಮನಸ್ಸು ಶಾಂತವಾಗಿದೆ, ಟಾವೆಲ್ ಮುಚ್ಚಿದ್ದರೆ ತಲೆ ಕೆಟ್ಟಿದೆ, ಯಾವಾಗ ಕೈ ಹಾಕುವರೋ ಹೇಳಲಾಗದು. ಟಾವೆಲ್ ಬಿದ್ದ ದಿನಗಳಲ್ಲಿ ಜನ ಸುತ್ತುಹಾಕಿ ಹೋಗುತ್ತಿದ್ದರು. ಆ ದಿನಗಳು ಯಾವಾಗ ಬರುತ್ತವೆ ಎಂದು ಮಾತ್ರ ಯಾರೂ ಕೂತು ಯೋಚಿಸಿರಲಿಲ್ಲ. ನಾನು ಪೇಪರ್ ಮಡಚಿಟ್ಟು ಯೋಚಿಸಿದೆ. ಪಂಚಾಯಿತಿ ಚುನಾವಣೆಗೆ ಟಾವೆಲ್ ಇತ್ತು. ವಿಧಾನಸಭೆಗೆ ಇತ್ತು. ಲೋಕಸಭೆಗೂ ಇತ್ತು. ಒಳಗೆ ಪಿಸ್ತೂಲಿದ್ದಾಗ ಊರಿಗೆಲ್ಲ ತೋರಿಸುವ ಮನುಷ್ಯ, ಚೀಲ ಖಾಲಿಯಾದಾಗ ಅದನ್ನು ಮುಚ್ಚುತ್ತಿದ್ದ. ವರ್ಷಾನುಗಟ್ಟಲೆ ಒಂದಿಡೀ ಓಣಿ ಖಾಲಿ ಚೀಲಕ್ಕೆ ಹೆಚ್ಚು ಹೆದರಿತ್ತು!

"ಅಪ್ಪಾ, ಹಾಸು ತಗೊಂಡು ಬಾ" ಎಂದೆ.

"ಇವತ್ತs ಬ್ಯಾಡವಾ, ನಿನ್ನ ಕಾಲಿಗೆ ಬೀಳ್ತೇನಿ" ಎಂದಳು ಅವ್ವ.

"ಇವತ್ತs."

ಅಪ್ಪನ ಹೆಗಲ ಮೇಲೆ ಹಾಸು, ಅವ್ವನ ಕೈಯಲ್ಲಿ ಗಂಜಿಯ ಪಾತೇಲಿ, ಮುಂದೆ ನಾನು. ಕಿಟಕಿಗಳಲ್ಲಿ ಮುಖಗಳು. ಕಾಕಾ ಕುರ್ಚಿಯಲ್ಲಿದ್ದರು. ತೊಡೆಯವರೆಗೆ ಇಳಿದ ಟಾವೆಲ್, ಅದರ ಮೇಲೆ ಬಲಗೈ.

"ಏನವಾ, ದಾರಿ ತಪ್ಪಿ ಬಂದಂಗೈತಿ?"

"ಇಲ್ರಿ ಕಾಕಾ. ಸಾರ್ವಜನಿಕ ಜಾಗಕ್ಕ ಬಂದೇವಿ."

"ಸಾರ್ವಜನಿಕ ಅಂತ ಯಾಂವ ಅಂದಾಂವ?"

"ನೀವs ಅಂದೀರಿ. ನನ್ನ ಜಾಗದಾಗ ಮುಚ್ಚೂದು ಬೇಕಿಲ್ಲ, ಸಾರ್ವಜನಿಕ ಜಾಗದಾಗ ಮುಚ್ಚಬೇಕು ಅಂತ ದೀಪಾವಳ್ಯಾಗ ಇದs ಕುರ್ಚಿ ಮ್ಯಾಲೆ ಕುಂತು ಹೇಳಿದ್ರಿ. ಇವತ್ತ ಮುಚ್ಚೀರಿ. ಹಂಗಾರ ಜಾಗಾ ಯಾರದಾತು?"

ಕಾಕಾ ತಮ್ಮ ಸೊಂಟವನ್ನು ತಾವೇ ಮೊದಲ ಸಲ ನೋಡಿದಂತೆ ನೋಡಿಕೊಂಡರು.

"ಥಂಡಿ ಹತ್ತೇತಿ."

"ಸೊಂಟಕ್ಕೇನ್ರಿ?"

"ಯಾಕ, ಸೊಂಟಕ್ಕ ಥಂಡಿ ಹತ್ತಬಾರದೇನು?"

"ಹತ್ತಲ್ರಿ. ಒಮ್ಮೆ ಟಾವೆಲ್ ತಗದುಬಿಡ್ರಿ ಸಾಕು. ಜಾಗಾ ನಿಮ್ಮದು ಅಂತ ಒಪ್ಪಿ ನಾವು ಹೊಳ್ಳಿ ಹೋಗ್ತೇವಿ."

ಟಾವೆಲನ್ನು ಎಳೆದಿದ್ದರೆ ಸಂದಿ ಅವರದಾಗುತ್ತಿತ್ತು, ಸೊಂಟ ಮಾತ್ರ ಅವರದಾಗಿ ಉಳಿಯುತ್ತಿರಲಿಲ್ಲ. ಅವರ ಕಣ್ಣು ನನ್ನನ್ನು ನೇರವಾಗಿ ಕೇಳಿತು: ನಿನಗೆ ಗೊತ್ತೇನು? "ಚೀಲ ಖಾಲಿ" ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆಡಲಿಲ್ಲ. ಕರುಣೆ ಎಂದು ಯಾರೂ ತಿಳಿಯಬಾರದು. ಖಾಲಿ ಎಂದು ಸಾರಿದ್ದರೆ ಮತ ಎಣಿಕೆ ಮುಗಿಯುವವರೆಗಷ್ಟೇ ಸಂದಿ ನಮ್ಮದು. ಪಿಸ್ತೂಲು ಠಾಣೆಯಿಂದ ಮರಳಿದ ಮರುದಿನ ಕುರ್ಚಿಯೂ ಮರಳುತ್ತಿತ್ತು. ಮುಚ್ಚಿದ್ದಾರೆ ಎಂದೇ ನಡೆದರೆ, ಜಾಗ ಸಾರ್ವಜನಿಕವೆಂದು ಅವರೇ ಒಪ್ಪಿದಂತೆ, ಎಂದೆಂದಿಗೂ.

ಕಾಕಾ ಎದ್ದರು. ಕುರ್ಚಿಯನ್ನು ತಾವೇ ಎತ್ತಿಕೊಂಡು ತಮ್ಮ ಕಟ್ಟೆಯ ಮೇಲೆ ಹಾಕಿಕೊಂಡರು. ಕೂತ ಮೇಲೆ ಗದರಿದರು:

"ಗಂಜಿ ಆರಾಕತ್ತೇತಿ. ಭಾಷಣಾ ಮಾಡ್ಕೋತ ನಿಂದರ್ತೀರೇನು? ಹಿಡೀರಿ!"

ಅಪ್ಪ ಹಾಸನ್ನು ಹೆಗಲಿಂದ ಇಳಿಸಿದ. ಹಾಸು ಗೋಡೆಗುಂಟ ಬಿಚ್ಚಿಕೊಳ್ಳುತ್ತ ಹೋಯಿತು. ಅವ್ವ ಕುಂಚ ಅದ್ದಿದಳು. ಕಟ್ಟೆಯ ಮೇಲಿಂದ ಇನ್ನೊಮ್ಮೆ ಕೂಗು ಬಂತು: "ಆ ತುದಿ ಸಡಲಾಗೇತಿ, ಜಗ್ಗೋ!" ನೋಡಿದರೆ, ನಿಜಕ್ಕೂ ಸಡಿಲಾಗಿತ್ತು.

ಚುನಾವಣೆ ಮುಗಿದು ಪಿಸ್ತೂಲು ಮರಳಿತು. ಕಾಕಾ ಆಡಿದ ವಾದಕ್ಕೆ ಮತ್ತೆ ನಿಷ್ಠರಾದರು. ಕಟ್ಟೆಯ ಮೇಲೆ ಇರುವಷ್ಟು ಹೊತ್ತು ಬಲಗಡೆಯ ಅಂಗಿ ಪಟ್ಟಾದೊಳಗೆ. ಕೊನೆಯ ಮೆಟ್ಟಿಲಿಗೆ ಬಂದು ನಿಂತು, ಅಂಗಿ ಹೊರಗೆಳೆದು, ನೀವಿ ಸರಿಮಾಡಿ, ಆಮೇಲೆ ಸಂದಿಗೆ ಕಾಲಿಡುವರು. ದಿನವೂ ಬೆಳಗ್ಗೆ ಹಾಸಿನ ತುದಿ ಸಡಿಲಾಗಿದೆ ಎಂದು ಬೈಯುವುದು ಅವರ ಹೊಸ ಉದ್ಯೋಗವಾಯಿತು. ಒಮ್ಮೆ ನನಗೆ ಹೇಳಿದರು: "ನಿನ್ನ ಕಾಯ್ದೆ ಭಾಳ ಕೆಟ್ಟದ್ದವಾ. ಮುಚ್ಚಿದ ಮ್ಯಾಲೆ ಮಂದಿ ನನ್ನ ಮಾರಿ ನೋಡಾಕ ಹತ್ಯಾರ. ಈ ಮಾರಿ ತಗೊಂಡು ಏನ್ ಮಾಡ್ಲಿ?"

ಕೊನೆಯ ಸಲ ನೋಡಿದ್ದು ಬಾಗಲಕೋಟೆಯ ದವಾಖಾನೆಯೊಂದರಲ್ಲಿ. ಪಟ್ಟಾ ಇಲ್ಲ, ಚೀಲ ಇಲ್ಲ, ದವಾಖಾನೆಯ ಹಸಿರು ಅಂಗಿ. ಸೊಂಟದ ಮೇಲೆ ಮಾತ್ರ ಅದೇ ಟಾವೆಲ್. ನರ್ಸ್ ಸೂಜಿ ಹಿಡಿದು ನಿಂತಿದ್ದಳು.

"ಅಜ್ಜಾರ, ಟಾವೆಲ್ ತಗೀರಿ."

"ಇದು ಸಾರ್ವಜನಿಕ ಜಾಗ ಐತವಾ. ಇಲ್ಲಿ ಮುಚ್ಚಿರಬೇಕು. ಬೇಕಾದ್ರ ನಮ್ಮ ವಕೀಲವ್ವನ್ನ ಕೇಳು."

ನರ್ಸ್ ನನ್ನತ್ತ ನೋಡಿದಳು. "ಹೌದ್ರಿ, ನಿಯಮ ಐತಿ" ಎಂದೆ. ಅವಳು ಗೊಣಗುತ್ತ ತೋಳಿಗೇ ಚುಚ್ಚಿ ಹೋದಳು.

ಕಾಕಾ ಟಾವೆಲಿನ ಅಂಚು ಸರಿಮಾಡಿಕೊಂಡರು. ಆಮೇಲೆ, "ಅವತ್ತ ನಿನಗ ಗೊತ್ತಿತ್ತು" ಎಂದರು.

"ಏನ್ರಿ ಕಾಕಾ?"

"ಖಾಲಿ ಇತ್ತು ಅಂತ."

"ಏನ್ ಖಾಲಿ ಇತ್ರಿ?"

ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಿದರು: "ಸುಳ್ಳ ಹೇಳಾಕ ಕಲತಿ. ಇನ್ನ ನೀ ಖರೇ ವಕೀಲಾದಿ."

ಅವರು ಹೋದ ಮೇಲೆ ಪಿಸ್ತೂಲು ಠಾಣೆಗೆ ಹೋಯಿತು, ಈ ಸಲ ಮರಳಲಿಲ್ಲ. ತೊಗಲಿನ ಚೀಲದಲ್ಲಿ ಗೌಡಸಾನಿ ತಮ್ಮ ಚಾಳೀಸು ಕನ್ನಡಕ ಇಟ್ಟುಕೊಳ್ಳುತ್ತಾರೆ. ಕುರ್ಚಿ ಕಟ್ಟೆಯ ಮೇಲೆಯೇ ಇದೆ. ಮೊನ್ನೆ ರಜೆಗೆ ಹೋದಾಗ ಬೆಳಗ್ಗೆ ಸಂದಿಯಲ್ಲಿ ಹಾಸು ಹಿಡಿದಿದ್ದೆವು. ಅವ್ವ ಅರ್ಧಕ್ಕೂ ಹೆಚ್ಚು ತೀಡಿ ಮುಗಿಸಿದ್ದಳು. ಆಮೇಲೆ ನೋಡಿದರೆ ನನ್ನ ಕೈಯಲ್ಲಿದ್ದ ತುದಿ ಸಡಿಲಾಗಿತ್ತು. ಯಾರೂ ಹೇಳಿರಲಿಲ್ಲ.