ದುಡ್ಡು ಕೊಟ್ಟು ತವರಿಗೆ ಹೋದದ್ದು

ನಾನು ಹುಟ್ಟಿ ಬೆಳೆದ ಮನೆಯಲ್ಲಿ ದುಡ್ಡು ಕೊಟ್ಟು ಮಲಗಿ ಎದ್ದು ಬಂದವಳು ನಾನು. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತವೆ. ಆಗ ನನಗೆ ನಗು ಬಂದಿರಲಿಲ್ಲ, ಹೊಟ್ಟೆ ಉರಿದಿತ್ತು.

ನಮ್ಮದು ಲಕ್ಷ್ಮೇಶ್ವರದ ಹಳೆಯ ವಾಡೆ. ಆನೆ ಹೋಗುವಂಥ ಹೆಬ್ಬಾಗಿಲು, ಅದರ ಎರಡೂ ಮಗ್ಗುಲಿಗೆ ಕಟ್ಟೆ, ಒಳಗೆ ಸಾಗುವಾನಿ ಕಂಬಗಳ ಪಡಸಾಲೆ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ನಾನು ಸೊಸೆಯಾಗಿ ಗದಗಿಗೆ ಬಂದಾಗ ಗದಗು ಇಂಗ್ಲಿಷರದು, ಲಕ್ಷ್ಮೇಶ್ವರ ಸಂಸ್ಥಾನದ್ದು. ನಾಗರ ಪಂಚಮಿಗೆ ತವರಿಗೆ ಹೋಗಿ ಬಂದರೆ ಬೇರೆ ರಾಜ್ಯ ನೋಡಿ ಬಂದವಳ ಹಾಗೆ ಓಣಿಯಲ್ಲಿ ಜಂಬ ಕೊಚ್ಚುತ್ತಿದ್ದೆ. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ಅದರ ಹಿಂದೆಯೇ ಅಪ್ಪನೂ ಹೋದ. ಅವ್ವ ಮೊದಲೇ ಹೋಗಿದ್ದಳು. ಅಣ್ಣ ವಾಡೆ ಮಾರಿ ಸೊಲ್ಲಾಪುರ ಸೇರಿದ. ಮಾರುವ ಮುಂಚೆ ನನಗೊಂದು ಮಾತು ಹೇಳಲಿಲ್ಲ. ಬಳೆ ಇಡಿಸಲು ಬಂದ ಬಳೆಗಾರ ಹೇಳಿದ ಮೇಲೆ ನನಗೆ ಗೊತ್ತಾಯಿತು. ಅರ್ಧ ಕೈಗೆ ಬಳೆ ಇಡಿಸಿಕೊಂಡಿದ್ದೆ, ಇನ್ನರ್ಧ ಬೇಡವೆಂದು ಎದ್ದುಬಿಟ್ಟೆ.

ಅಲ್ಲಿಂದ ಮುಂದೆ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಓಣಿಯ ಹೆಂಗಸರೆಲ್ಲ ಗಂಟು ಕಟ್ಟಿಕೊಂಡು ಜೋಕಾಲಿ ಆಡಲು ತವರಿಗೆ ಹೋದರೆ ನಾನು ಮನೆಯಲ್ಲಿ ಕೂತು ಉಂಡಿ ಕಟ್ಟುತ್ತಿದ್ದೆ. ಕನ್ನಡ ನಾಡು ಒಂದಾದಾಗ ಗದಗಿನ ಪೇಟೆಯಲ್ಲಿ ಪೇಡೆ ಹಂಚಿದರು. ನಾನೂ ತಿಂದೆ. ಮೈಸೂರಿನವರು, ಮುಂಬಯಿಯ ಕಡೆಯವರು, ಹೈದರಾಬಾದಿನ ಕಡೆಯವರು ಎಲ್ಲರೂ ಒಂದಾದರು. ಗದಗಿನಿಂದ ಒಂದು ಹೊತ್ತಿನ ದಾರಿಯಲ್ಲಿದ್ದ ನನ್ನ ತವರು ಮಾತ್ರ ಪರರ ಪಾಲಾಗಿತ್ತು.

ನಮ್ಮ ಯಜಮಾನರು ಗದಗಿನ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಹತ್ತಿ ಬರುವ ದಿನಗಳಲ್ಲಿ ಲಕ್ಷ್ಮೇಶ್ವರದಲ್ಲಿ ಒಂದೆರಡು ರಾತ್ರಿ ಉಳಿಯಬೇಕಾಗುತ್ತಿತ್ತು. ನಾಡು ಒಂದಾದ ಮರುವರ್ಷ, ಒಮ್ಮೆ ಹಾಗೆ ಹೋಗಿ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಈ ಸಲ ನಿಮ್ಮ ವಾಡೇದಾಗ ಉಳಕೊಂಡಿದ್ದೆ ನೋಡು. ಮುಳಗುಂದದ ಎಣ್ಣಿ ವ್ಯಾಪಾರದವ್ರು ತೊಗೊಂಡಾರಲ್ಲ, ಅವರು ಮುಂದಿನ ಎರಡು ಖೋಲಿ ಬಂದ ಮಂದಿಗೆ ಕೊಡಾಕತ್ಯಾರ. ರಾತ್ರಿ ಹಾಸಿಗಿ, ಮುಂಜಾನೆ ಚಾ, ನಾಷ್ಟಾ. ಆ ಮನಿಯಾಕಿ ಕೈಯಾನ ತಾಲಿಪಟ್ಟಿ ಏನ ಕೇಳ್ತಿ!"

ನಾನೇನೂ ಕೇಳಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಅಡುಗೆಗೆ ಅವರ ಬಾಯಿಂದ ಬಂದ ದೊಡ್ಡ ಹೊಗಳಿಕೆ "ಉಪ್ಪು ಬರೊಬ್ಬರಿ ಐತಿ" ಅನ್ನುವುದೊಂದೇ. ನನ್ನ ಅವ್ವನ ಒಲೆಯ ಮೇಲೆ ಯಾವಳೋ ತಾಲಿಪಟ್ಟಿ ತಟ್ಟುವುದು, ಅದನ್ನು ನನ್ನ ಗಂಡ ಬಾಯಿ ಚಪ್ಪರಿಸಿ ತಿಂದು ಬರುವುದು! ಅವತ್ತು ರಾತ್ರಿ ಸಾರಿಗೆ ಉಪ್ಪೇ ಹಾಕಲಿಲ್ಲ.

ಮುಂದಿನ ಸಲ ಹೊರಟಾಗ "ನೀನೂ ಬಾ" ಅಂದರು.

"ನನ್ನ ಮನಿಗೆ ನಾ ರೊಕ್ಕಾ ಕೊಟ್ಟು ಹೋಗ್ಲೇನ್ರಿ?" ಎಂದು ಹರಿಹಾಯ್ದೆ. ಹಾಗಂದವಳೇ ಹೊರಡುವ ಹೊತ್ತಿಗೆ ಸೀರೆ ಮಡಚಿ ಚೀಲಕ್ಕೆ ಹಾಕುತ್ತಿದ್ದೆ. ನೋಡಲೇಬೇಕಿತ್ತು. ಕೆಟ್ಟು ಹಾಳಾಗಿದ್ದರೆ ನೋಡಬೇಕು, ಚೆನ್ನಾಗಿದ್ದರಂತೂ ನೋಡಲೇಬೇಕು. ಒಂದು ಕರಾರು ಹಾಕಿದೆ. ನಾನು ಆ ಮನೆಯ ಮಗಳೆಂದು ಅವರು ಅಲ್ಲಿ ಬಾಯಿ ಬಿಡಕೂಡದು. ಬಿಟ್ಟರೆ ಬಸ್ಸು ಹತ್ತಿ ಒಬ್ಬಳೇ ತಿರುಗಿ ಬರುತ್ತೇನೆಂದೆ.

ಮುಟ್ಟಿದಾಗ ಮುಸ್ಸಂಜೆ. ಹೆಬ್ಬಾಗಿಲು ತೆರೆಯಿತು, ಸದ್ದೇ ಇಲ್ಲ. ನಮ್ಮ ಕಾಲದಲ್ಲಿ ಅದು ತೆರೆದರೆ ಓಣಿಗೆಲ್ಲ ಕೇಳುತ್ತಿತ್ತು. ಅಪ್ಪ ಬಂದನೆಂದು ಅಡುಗೆಮನೆಯಲ್ಲಿದ್ದ ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಎಣ್ಣೆಯವರ ಮನೆಯಲ್ಲವೇ, ತಿರುಗುವುದಕ್ಕೆಲ್ಲ ಎಣ್ಣೆ ಬಿಟ್ಟಿದ್ದರು. ಬಾವಿಯ ರಾಟೆಯೂ ಕಿರುಗುಟ್ಟುತ್ತಿರಲಿಲ್ಲ. ನನ್ನ ತವರಿನ ದನಿಯನ್ನೇ ಅಡಗಿಸಿದ್ದಾರೆಂದು ನನಗೆ ಸಿಟ್ಟು ಬಂತು. ಬಾಗಿಲು ಕಿರುಗುಟ್ಟಿದ್ದರೆ ಮನೆ ನೋಡಿಕೊಳ್ಳುವ ಬುದ್ಧಿಯಿಲ್ಲ ಎಂದು ಅದಕ್ಕೂ ಸಿಟ್ಟಾಗುತ್ತಿದ್ದೆ, ಆ ಮಾತು ಬೇರೆ.

ಮನೆಯೊಡತಿ ನನ್ನ ವಾರಿಗೆಯವಳು. ದುಂಡಗೆ, ನಗುಮುಖ. ನಗುಮುಖದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಕಷ್ಟ. ನಾನು ಕಷ್ಟಪಟ್ಟೆ.

"ಬರ್ರಿ ಅಕ್ಕಾರ, ಕಾಲು ತೊಳಕೋಬರ್ರಿ" ಎಂದು ಹಿತ್ತಲಿಗೆ ಕರೆದಳು. ಹಿತ್ತಲಿಗೆ ಹೋಗಬೇಕಾದರೆ ನಡುಮನೆ ದಾಟಿ ಅಡುಗೆಮನೆಯ ಒಳಗಿಂದಲೇ ಹೋಗಬೇಕು. ಇನ್ನೂ ದೀಪ ಹಚ್ಚಿರಲಿಲ್ಲ. ನಾನು ಮುಂದೆ, ಅವಳು ಹಿಂದೆ, ಅವಳ ಹಿಂದೆ ಯಜಮಾನರು. "ಅಕ್ಕಾರ, ತಲಿ..." ಎಂದು ಏನೋ ಅನ್ನಲು ಹೋಗಿ ಅವಳು ಸುಮ್ಮನಾದಳು. ನಾನು ಆಗಲೇ ಅಡುಗೆಮನೆಯೊಳಗಿದ್ದೆ. ಹಿಂದಿನಿಂದ ದಡ್ ಎಂದು ಸದ್ದಾಯಿತು. ಯಜಮಾನರ ಹಣೆ ಅಡುಗೆಮನೆಯ ತಗ್ಗು ಬಾಗಿಲಿನ ಮೇಲ್ಪಟ್ಟಿಗೆ ಬಡಿದಿತ್ತು. ಹೋದ ಸಲವೂ ಬಡಿದುಕೊಂಡಿದ್ದರಂತೆ.

ನಮಗೆ ಕೊಟ್ಟದ್ದು ಅಪ್ಪನ ಕಚೇರಿ ಖೋಲಿ. ಅಪ್ಪ ಇದ್ದಾಗ ಅದರ ಹೊಸ್ತಿಲು ತುಳಿಯಲು ನನಗೆ ಧೈರ್ಯವಿರಲಿಲ್ಲ. ಈಗ ದುಡ್ಡು ಕೊಟ್ಟವರು ಯಾರು ಬೇಕಾದರೂ ಅಲ್ಲಿ ಗೊರಕೆ ಹೊಡೆಯಬಹುದು. ಯಜಮಾನರು ಹೊಡೆದರು.

ಮುಂಜಾನೆ ಪಡಸಾಲೆಯಲ್ಲಿ ನಾಷ್ಟಾ. ನಮ್ಮ ಜೊತೆ ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಒಬ್ಬ ಸರಕಾರಿ ನೌಕರ ಕೂತಿದ್ದ. ನಮ್ಮ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು, ತಾಲಿಪಟ್ಟಿ ಮಾತ್ರ ಪೂರ್ತಿ ತಿಳಿದಿತ್ತು. ನಾಲ್ಕನೆಯದಕ್ಕೆ ಕೈ ಹಾಕಿದ್ದ. ಅದರ ಮೇಲೆ ಬೆಣ್ಣೆ, ಮಗ್ಗುಲಿಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಂದು ತುಂಡು ಬಾಯಿಗಿಟ್ಟೆ. ಕೆಟ್ಟದ್ದಾಗಿರಲಿ ಎಂದು ದೇವರನ್ನು ಬೇಡಿಕೊಂಡಿದ್ದೆ. ದೇವರು ಕೇಳಲಿಲ್ಲ.

ಬಿಸಿ ತಾಲಿಪಟ್ಟಿ ತಂದು ಬಡಿಸುತ್ತಿದ್ದವಳು ಮನೆಯೊಡತಿಯ ಮಗಳು. ಮುಂಡರಗಿಯ ಕಡೆ ಕೊಡುವುದೆಂದು ಮಾತಾಗಿತ್ತು. ಎರಡು ಕೈಯಲ್ಲಿ ಎರಡು ತಾಟು ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದಳು. ಆ ತಗ್ಗು ಬಾಗಿಲು ಬಂದಾಗ ನೋಡುವುದೂ ಇಲ್ಲ, ಮಾತು ನಿಲ್ಲಿಸುವುದೂ ಇಲ್ಲ, ತಲೆ ತಾನಾಗಿ ಬಗ್ಗುತ್ತಿತ್ತು, ಜಡೆ ಮುಂದಕ್ಕೆ ಜಾರುತ್ತಿತ್ತು. ನಾನು ಹಾಗೇ ಬಗ್ಗುತ್ತಿದ್ದೆ. ಅವಳ ಅವ್ವನ ಬೆಣ್ಣೆ, ಎಣ್ಣೆ, ನಗು ಎಲ್ಲವನ್ನೂ ಹೇಗೋ ತಡೆದುಕೊಂಡಿದ್ದೆ. ಆ ಹುಡುಗಿ ಬಗ್ಗುವುದನ್ನು ನೋಡಲಾಗಲಿಲ್ಲ. ತಾಟು ಸರಿಸಿ ಇನ್ನು ಚಾ ಮಾತ್ರ ಸಾಕೆಂದೆ.

ಅಷ್ಟರಲ್ಲಿ ಮೈಸೂರಿನವನು ಕಂಬದ ಮೇಲಿದ್ದ ಆಳವಾದ ಕಚ್ಚನ್ನು ತೋರಿಸಿ "ಇದೇನಮ್ಮ, ಇಷ್ಟು ಒಳ್ಳೆ ಕಂಬಕ್ಕೆ?" ಎಂದು ಕೇಳಿದ.

ಮನೆಯೊಡತಿ ಸೆರಗು ಹೊದ್ದುಕೊಂಡು ಕೂತಳು. "ಅದು ಕತ್ತಿ ಏಟರಿ. ಹಿಂದಕ ದರೋಡೆ ಮಂದಿ ಬಂದಾಗ ಈ ಮನಿ ಹಿರ್ಯಾರು ಒಬ್ಬರ ಇಲ್ಲಿ ನಿಂತು ತಡದ್ರಂತ. ಅವರ ಕುತ್ತಿಗಿಗೆ ಬೀಳೂ ಏಟು ಕಂಬಕ್ಕ ಬಿತ್ತು."

"ಅಬ್ಬಾ!" ಅಂದ ಅವನು. ಯಜಮಾನರೂ ನಾಚಿಕೆಯಿಲ್ಲದೆ "ಅಬ್ಬಬ್ಬಾ" ಅಂದರು.

ಅದು ಕತ್ತಿಯೂ ಅಲ್ಲ, ದರೋಡೆಯೂ ಅಲ್ಲ. ನಮ್ಮಣ್ಣ ಬೆಳವಲಕಾಯಿ ಒಡೆಯಲು ಹೋಗಿ ಕೊಡಲಿ ಬೀಸಿದ್ದು. ಕಾಯಿ ತಪ್ಪಿತು, ಕಂಬ ಸಿಕ್ಕಿತು. ಅಪ್ಪ ಅವನನ್ನು ಅದೇ ಕಂಬಕ್ಕೆ ಕಟ್ಟಿದ್ದ. ಊಟದ ಹೊತ್ತಿಗೆ ನಾನೇ ಹಗ್ಗ ಬಿಚ್ಚಿದ್ದೆ. ನನ್ನ ಬಳಿ ಉಳಿದದ್ದೇ ಇಂಥ ನಾಲ್ಕು ನೆನಪು. ಅವುಗಳ ಮೇಲೂ ಇವಳು ಯಾರೋ ಹಿರಿಯರನ್ನು ತಂದು ನಿಲ್ಲಿಸಿದಳಲ್ಲ! ಅದಕ್ಕಿಂತ ಸಂಕಟವೆಂದರೆ ಅವಳ ಸುಳ್ಳು ನನ್ನ ನಿಜಕ್ಕಿಂತ ಚೆನ್ನಾಗಿತ್ತು.

"ಯಾರ್ರಿ ಆ ಹಿರ್ಯಾರು? ಹೆಸರೇನು?" ಎಂದು ಚುಚ್ಚಿದೆ.

ಅವಳು ನನ್ನನ್ನೇ ನೋಡಿದಳು. "ನಿಮಗ ಬ್ಯಾರೆ ಏನರ ಗೊತ್ತೈತೇನ್ರಿ ಅಕ್ಕಾರ?"

"ನನಗೇನ ಗೊತ್ತು? ನಾ ಗದಗಿನಾಕಿ" ಅಂದೆ. ಯಜಮಾನರಿಗೆ ಚಾ ನೆತ್ತಿಗೇರಿ ಕೆಮ್ಮು ಬಂತು.

ಮರುದಿನ ಹೊರಟೆವು. ಯಜಮಾನರು ಬಸ್ಸಿನಲ್ಲಿ ಜಾಗ ಹಿಡಿಯಲು ಮುಂದೆ ಹೋದರು. ಅವಳು ನನ್ನನ್ನು ನಡುಮನೆಗೆ ಕರೆದು ಮಣೆ ಹಾಕಿ ಕೂರಿಸಿದಳು. ಕುಂಕುಮ ಹಚ್ಚಿ ಉಡಿ ತುಂಬಿದಳು. ಅಕ್ಕಿ, ಕಾಯಿ, ಅಡಿಕೆ, ಅರಿಶಿಣದ ಕೊಂಬು, ರವಿಕೆಗೊಂದು ಖಣ. ಮನೆಗೆ ಬಂದ ಮುತ್ತೈದೆಗೆ ಯಾರಾದರೂ ಮಾಡುವುದೇ. ನಾನೂ ಬಿಗುಮಾನದಿಂದಲೇ ಸೆರಗೊಡ್ಡಿದೆ. ಉಡಿ ಕಟ್ಟಿಕೊಂಡು ಏಳಲು ಹೋದರೆ ಅವಳು ದಾರಿ ಬಿಡಲಿಲ್ಲ.

"ಇನ್ನ ಒಂದು ಹಿಡಿ ಹಿಂದಕ ಹಾಕ್ರಿ" ಅಂದಳು.

ಉಡಿ ತುಂಬಿಸಿಕೊಂಡ ಮಗಳು ಅದರಲ್ಲಿನ ಒಂದು ಹಿಡಿ ಅಕ್ಕಿಯನ್ನು ತವರಿನ ಅಕ್ಕಿ ಗಡಿಗೆಗೆ ತನ್ನ ಕೈಯಾರೆ ಹಾಕಿ, ತವರು ತಣ್ಣಗಿರಲಿ ಎಂದು ಹರಸಿ ಹೋಗಬೇಕು. ನಮ್ಮವ್ವ ಇದನ್ನು ಒಮ್ಮೆಯೂ ತಪ್ಪಿಸಲು ಬಿಟ್ಟಿರಲಿಲ್ಲ.

"ಅದು ತವರಮನ್ಯಾಗ ಮಾಡೂದ್ರಿ" ಅಂದೆ.

"ಅದಕ್ಕ ಹೇಳಿದ್ನಿ."

"ಅವರು ಹೇಳಿದ್ರೇನು?" ಎಂದು ಗಂಡನ ಮೇಲೆ ಸಿಟ್ಟು ತಿರುಗಿಸಿದೆ.

"ಪಾಪ, ಅವರು ಬಾಯೇ ಬಿಟ್ಟಿಲ್ಲ. ನೀವು ಬಂದ ಸಂಜೀಕ ತಿಳೀತು. ದೀಪ ಇರಲಿಲ್ಲ, ನಾ ತಲಿ ಜ್ವಾಕಿ ಅನ್ನೂದ್ರಾಗ ನೀವು ಬಗ್ಗಿ ದಾಟಿದ್ರಿ. ಇಲ್ಲಿ ನೋಡ್ರಿ." ಅವಳು ಸೆರಗು ಸರಿಸಿ ಬೈತಲೆಯ ಹತ್ತಿರ ಕೂದಲು ಬಿಡಿಸಿ ತೋರಿಸಿದಳು. ಬಡಿದುಕೊಂಡು ಬಡಿದುಕೊಂಡು ಗಟ್ಟಿಯಾದ ಗಂಟಿತ್ತು. "ಈ ಮನಿಗೆ ಬಂದು ಎಂಟೊಂಬತ್ತ ವರ್ಷಾತು. ನಾ ಇನ್ನೂ ಬಡಕೋತೀನಿ. ನಾವು ಕೊಂಡ ಮನಿ, ದಿನಾ ಸಾರಿಸೂ ಮನಿ, ನನ್ನ ತಲಿಗೆ ಅದರ ಎತ್ತರ ಗೊತ್ತಾಗವಲ್ದು. ನೀವು ಕತ್ತಲ್ಯಾಗ ಹಂಗ ಹೋದ್ರಿ ನೋಡ್ರಿ, ಖರೇ ಹೇಳ್ತೀನಿ ಅಕ್ಕಾರ, ನನ್ನ ಹೊಟ್ಯಾಗ ಬೆಂಕಿ ಬಿತ್ತು."

ನಾನು ಮಣೆಯ ಮೇಲೆಯೇ ಮತ್ತೆ ಕೂತೆ. ಹೊಟ್ಟೆಕಿಚ್ಚು ನನ್ನೊಬ್ಬಳ ಆಸ್ತಿಯೆಂದು ತಿಳಿದಿದ್ದೆ. ಅದರಲ್ಲೂ ಇವಳಿಗೆ ಪಾಲಿತ್ತು.

"ಊರಾಗ ಇಂದಿಗೂ ಇದಕ್ಕ ನಿಮ್ಮಪ್ಪಾರ ವಾಡೇ ಅಂತಾರ" ಎಂದು ಅವಳು ಮುಂದುವರಿಸಿದಳು. "ಕಂಬದ ಕಥಿ ಸುಳ್ಳ ಅಂತ ನನಗೂ ಗೊತ್ತೈತ್ರಿ. ಖರೇ ಕಥಿ ಹೇಳಾಕ ನಮ್ಮ ಮಂದಿ ಇಲ್ಲಿ ಏನ ಮಾಡ್ಯಾರ? ನನಗೇನ, ಮುಳಗುಂದದಾಗ ತವರು ಐತಿ. ಮುಂದಿನ ವರ್ಷ ನನ್ನ ಮಗಳನ್ನ ಈ ಬಾಗಲದಿಂದ ಕಳಸಬೇಕು. ಅಕಿಗೆ ಇದ ತವರು. ಹಿಂದಿನ ಮಗಳು ಮನಸ ಬಿಚ್ಚಿ ಹರಸದ ಮನಿ ಮುಂದಿನ ಮಗಳಿಗೆ ಹ್ಯಾಂಗ ತವರಾಗ್ತೈತ್ರಿ?"

ಉಡಿಯೊಳಗೆ ಕೈ ಹಾಕಿ ಹಿಡಿ ಅಕ್ಕಿ ತೆಗೆದೆ. ತೆಗೆದ ಮೇಲೆ ಏಳಲು ಮನಸ್ಸಾಗಲಿಲ್ಲ. ಹಾಕಿಬಿಟ್ಟರೆ ಮನೆ ಇವರದೇ ಆಗಿಹೋಗುತ್ತದೆ, ನಾನು ನಿಜಕ್ಕೂ ಬರಿಗೈಯವಳಾಗುತ್ತೇನೆ ಅನ್ನಿಸಿತು. ಅಣ್ಣ ಮಾರಿದಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಈಗ ಇವಳು ಕೇಳುತ್ತಿದ್ದಳು. ಒಲ್ಲೆ ಅನ್ನುವ ಅಧಿಕಾರ ಮೊದಲ ಸಲ ನನ್ನ ಮುಷ್ಟಿಯಲ್ಲಿತ್ತು, ಅದನ್ನು ಬಿಟ್ಟುಕೊಡುವುದು ಸುಲಭವಿರಲಿಲ್ಲ. ಒಳಗೆ ಆ ಹುಡುಗಿ ಏನೋ ಗುನುಗುತ್ತ ಪಾತ್ರೆ ತಿಕ್ಕುತ್ತಿದ್ದಳು.

"ಕಂಬಕ್ಕ ಬಿದ್ದದ್ದು ಕತ್ತಿ ಏಟಲ್ಲ" ಅಂದೆ. "ನಮ್ಮಣ್ಣ ಬೆಳವಲಕಾಯಿ ಒಡಿಯಾಕ ಹೋಗಿ ಕೊಡ್ಲಿ ಬಿಟ್ಟದ್ದು. ಇನ್ನ ಮ್ಯಾಲೆ ಹೇಳೂದಾದ್ರ ಖರೇ ಹೇಳ್ರಿ."

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇದು ಇನ್ನೂ ಛಲೋ ಐತ್ರಿ" ಅಂದಳು.

ಎದ್ದು ಅಡುಗೆಮನೆಗೆ ಹೋದೆ. ಅವ್ವ ಇಡುತ್ತಿದ್ದ ಮೂಲೆಯಲ್ಲೇ ಅಕ್ಕಿ ಗಡಿಗೆ ಇತ್ತು. ಬೇರೆ ಎಲ್ಲಿ ಇಡಲು ಬರುತ್ತದೆ, ಆ ಅಡುಗೆಮನೆಯಲ್ಲಿ ಇರುವುದೇ ಅದೊಂದು ತಂಪು ಮೂಲೆ. ಹುಡುಗಿ ತೊಯ್ದ ಕೈಯಲ್ಲೇ ಮುಚ್ಚಳ ತೆಗೆದಳು. ಅಕ್ಕಿ ಹಾಕಿದೆ. ತವರು ತಣ್ಣಗಿರಲಿ ಅಂದೆ. ಅವರಿಬ್ಬರ ಮುಂದೆ ಅಳಬಾರದೆಂದು ಬೇಗ ಬೇಗ ತಿರುಗಿ ಹೊರಟೆ.

ದಡ್ ಎಂದು ಹಣೆಗೆ ಬಡಿಯಿತು. ಆ ಮನೆಯಲ್ಲಿ ನಡೆಯಲು ಕಲಿತವಳು ನಾನು. ಬೆಳೆದು ಆ ಬಾಗಿಲಿನ ಎತ್ತರ ಮೀರಿದ ಮೇಲೆ ಒಂದು ದಿನವೂ ಬಡಿದುಕೊಂಡವಳಲ್ಲ. ಅವತ್ತೇ ಮೊದಲು.

"ತಲಿ ಜ್ವಾಕಿ ಅಕ್ಕಾರ!" ಎಂದು ಮನೆಯೊಡತಿ ತಡವಾಗಿ ಕೂಗಿದಳು. ಎಣ್ಣೆ ತಂದು ಹಣೆಗೆ ಹಚ್ಚಿ ತಿಕ್ಕಿದಳು. ನೋವಿಗೋ ಮತ್ತೊಂದಕ್ಕೋ ನಾನು ಧಾರಾಳವಾಗಿ ಅತ್ತೆ. ಬಡಿದುಕೊಂಡ ನೆವವಿತ್ತಲ್ಲ, ಯಾರೂ ಕಾರಣ ಕೇಳಲಿಲ್ಲ.

ಬಸ್ಸಿನಲ್ಲಿ ಯಜಮಾನರು ನನ್ನ ಹಣೆ ನೋಡಿ "ನಿನಗ ಹ್ಯಾಂಗ ಬಡೀತು?" ಎಂದು ಬೆರಗಾದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಹೊಟ್ಟೆಕಿಚ್ಚು ಅವತ್ತೇ ಆರಿತೆಂದರೆ ಸುಳ್ಳಾದೀತು. ಅವಳ ತಾಲಿಪಟ್ಟಿಯ ಮೇಲೆ ಈಗಲೂ ಇದೆ. ಆದರೆ ಆ ಶ್ರಾವಣದಲ್ಲಿ ಲಕ್ಷ್ಮೇಶ್ವರದಿಂದ ಎಣ್ಣೆಯವರ ಚಕ್ಕಡಿ ನಮ್ಮ ಓಣಿಗೆ ಬಂತು. ಪಂಚಮಿಗೆ ಕರೆದುಕೊಂಡು ಹೋಗಲು ಆ ಹುಡುಗಿಯೇ ಬಂದು ಕೂತಿದ್ದಳು. ಓಣಿಯವರಿಗೆಲ್ಲ ಕಾಣುವ ಹಾಗೆ ನಿಧಾನವಾಗಿ ಚಕ್ಕಡಿ ಹತ್ತಿದೆ. ಆ ಸಲ ದುಡ್ಡು ಕೊಡಲಿಲ್ಲ. ಅಡುಗೆಮನೆಯ ಬಾಗಿಲು ಬಂದಾಗ ಮಾತ್ರ, ನೆನಪು ಮಾಡಿಕೊಂಡು ಬಗ್ಗಿದೆ.